'ಕೊಟ್ಟಲಿಲ್ಲ' ಅಂತ ಯಾರೂ ಅನ್ನುವುದಿಲ್ಲ: ನರ್ಸಿಂಗ್ ವಿದ್ಯಾರ್ಥಿನಿಯ ಒಂದು ಇಂಗ್ಲಿಷ್ ತಪ್ಪಿನ ಕಥೆ

ವಾಕ್ಯ ಇಷ್ಟೇ: 'ಪೇಷಂಟ್ ಡಿಡ್ ನಾಟ್ ಟುಕ್ ಟ್ಯಾಬ್ಲೆಟ್.'

ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ ಮುಗಿಸಿದ ವಿದ್ಯಾರ್ಥಿನಿ ಬೆಳಿಗ್ಗೆ ರಿಪೋರ್ಟ್ ಕೊಡುವಾಗ ಹೀಗೆ ಹೇಳಿದಳು. ಇನ್‌ಚಾರ್ಜ್ ಸಿಸ್ಟರ್ ಎಲ್ಲರ ಮುಂದೆ ಎರಡು ಪ್ರಶ್ನೆ ಕೇಳಿದರು. 'ಇಷ್ಟು ವರ್ಷ ಇಂಗ್ಲಿಷ್ ಏನು ಓದಿದೆ?' ಅನ್ನುವುದು ಮೊದಲನೆಯದು. 'ಮಾತ್ರೆ ಕೊಟ್ಟಾಗ ಬೇಡ ಅಂದ್ರಾ, ಇಲ್ಲ ಇನ್ನೂ ತಗೊಂಡೇ ಇಲ್ವಾ? ಸರಿಯಾಗಿ ಹೇಳು' ಅನ್ನುವುದು ಎರಡನೆಯದು. ಮೊದಲನೆಯದಕ್ಕೆ ಹುಡುಗಿ ಅತ್ತಳು. ಎರಡನೆಯದಕ್ಕೆ ಅವಳಲ್ಲಿ ಉತ್ತರ ಇತ್ತು, ಆದರೆ ಇಂಗ್ಲಿಷಿನಲ್ಲಿ ಇರಲಿಲ್ಲ.

ಆ ಎರಡನೇ ಪ್ರಶ್ನೆ ತುಂಬಾ ಒಳ್ಳೆಯ ಪ್ರಶ್ನೆ. ಅದು ವ್ಯಾಕರಣದ ಪ್ರಶ್ನೆಯೂ ಹೌದು, ರೋಗಿಯ ಪ್ರಶ್ನೆಯೂ ಹೌದು. ಹತ್ತು ಗಂಟೆಯ ಮಾತ್ರೆಯನ್ನು ಆಗ ಬೇಡ ಅಂದರು ಅನ್ನುವುದು ಒಂದು ಸುದ್ದಿ. ಇಲ್ಲಿಯವರೆಗೂ ತಗೊಂಡಿಲ್ಲ, ಈಗ ಏನಾದರೂ ಮಾಡಬೇಕು ಅನ್ನುವುದು ಇನ್ನೊಂದು. ಮುಂದಿನ ಪಾಳಿಯವರಿಗೆ ಎರಡೂ ಬೇಕು.

ಅದೇ ವಾರ ಅವಳು ನನ್ನ ಹತ್ತಿರ ಬಂದಳು. ನಾನು ನಿಟ್ಟುವಳ್ಳಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಸಂಜೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಇಂಗ್ಲಿಷಿನಲ್ಲೇ ನಡೆಯುವ ಕೋರ್ಸಿಗೆ ಸೇರಿದವರು. ಈ ಹುಡುಗಿ ಜಗಳೂರು ಕಡೆಯ ಹಳ್ಳಿಯವಳು. ಮನೆಯಲ್ಲಿ ಮೆಕ್ಕೆಜೋಳ, ಶೇಂಗಾ ಬೆಳೆಯುತ್ತಾರೆ. ಆಗ ಅವಳು ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾದ ಎರಡನೇ ವರ್ಷದಲ್ಲಿದ್ದಳು. ಹೆಸರು ಇಲ್ಲಿ ಬೇಡ. ಬರೆಯಲು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ, ಈ ಬರಹವನ್ನು ಮೊದಲು ಓದಿದವಳೂ ಅವಳೇ.

ನಮ್ಮ ರಾಜ್ಯದ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಗುತ್ತದೆ. ಅಂದರೆ ಪಿಯುಸಿ ಮುಗಿಸುವ ಹೊತ್ತಿಗೆ ಇವಳು 12 ವರ್ಷ ಇಂಗ್ಲಿಷ್ ಓದಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಯಾಗಿದ್ದ ಇಂಗ್ಲಿಷಿಗೆ ಒಳ್ಳೆಯ ಅಂಕ ಬಂದಿತ್ತು. ಮೊದಲ ದಿನ ಅವಳು ಹೇಳಿದ್ದು: 'ಮೇಡಂ, ನಂಗೆ ಗ್ರಾಮರ್ ಗೊತ್ತು. ಬಾಯಿಗೆ ಬರಲ್ಲ.'

ನಾನು ಅದನ್ನು ನಂಬಲಿಲ್ಲ. ಗ್ರಾಮರ್ ಗೊತ್ತಿಲ್ಲ, ಅದಕ್ಕೇ ಬಾಯಿಗೆ ಬರುವುದಿಲ್ಲ ಅಂದುಕೊಂಡೆ. ಮೊದಲ ಒಂದು ತಿಂಗಳು ವ್ಯರ್ಥವಾಗಿದ್ದು ಇದರಿಂದಲೇ.

ಆ ತಿಂಗಳು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಗಿವ್, ಗೇವ್, ಗಿವನ್ ಅಂತ ಮೂರು ಸಾಲಿನ ಪಟ್ಟಿ ಬಾಯಿಪಾಠ ಮಾಡಿಸಿದೆ. ಡಿಡ್ ಬಂದರೆ ಮೊದಲನೇ ಸಾಲಿನ ರೂಪ ಬರಬೇಕು ಅಂತ ನಿಯಮ ಹೇಳಿದೆ. ಬಿಟ್ಟ ಸ್ಥಳ ತುಂಬಲು ಕೊಟ್ಟೆ. ಇಪ್ಪತ್ತಕ್ಕೆ ಇಪ್ಪತ್ತೂ ಸರಿ ಮಾಡಿದಳು! ಪುಸ್ತಕ ಮುಚ್ಚಿ, 'ನಿನ್ನೆ ಯಾಕೆ ಬರಲಿಲ್ಲ, ಇಂಗ್ಲಿಷಿನಲ್ಲಿ ಹೇಳಮ್ಮ' ಅಂದೆ.

'ಐ ಡಿಡ್ ನಾಟ್ ಕೇಮ್ ಬಿಕಾಸ್ ಬಸ್ ಡಿಡ್ ನಾಟ್ ಗಾಟ್, ಮೇಡಂ.'

ಈ ಒಂದೇ ವಾಕ್ಯದಲ್ಲಿ ಎರಡು ಬೇರೆ ತಪ್ಪುಗಳಿವೆ. 'ಬಸ್ ಡಿಡ್ ನಾಟ್ ಗಾಟ್' ಅನ್ನುವುದರ ಹಿಂದೆ ನಮ್ಮ 'ಬಸ್ ಸಿಗಲಿಲ್ಲ' ಇದೆ. ಕನ್ನಡದಲ್ಲಿ ಬಸ್ಸು ತಾನೇ ಸಿಗುತ್ತದೆ, ನನಗೆ ಸಿಗುತ್ತದೆ. ಇಂಗ್ಲಿಷಿನಲ್ಲಿ ನಾನೇ ಬಸ್ಸನ್ನು ಪಡೆಯಬೇಕು. ಜ್ವರ ಬಂತು, ಹಸಿವಾಯಿತು, ನೆನಪಾಯಿತು ಎಲ್ಲವೂ ಇದೇ ಜಾತಿ. ಅದು ದೊಡ್ಡ ವಿಷಯ. ಅದನ್ನು ಆಗ ಮುಟ್ಟುವುದು ಬೇಡ ಅಂತ ಬಿಟ್ಟೆ. ಈ ಹುಡುಗಿಯ ವಿಚಾರದಲ್ಲಿ ನಾನು ಮೊದಲು ಮಾಡಿದ ಸರಿಯಾದ ಕೆಲಸ ಅದೊಂದೇ ಅನಿಸುತ್ತದೆ: ಒಂದು ತಪ್ಪನ್ನು ಮಾತ್ರ ಹಿಡಿದದ್ದು.

ಆದರೆ ಹಿಡಿದ ರೀತಿ ಸರಿ ಇರಲಿಲ್ಲ. 'ಓ, ಯು ಡಿಡ್ ನಾಟ್ ಕಮ್' ಅಂತ ಮೆಲ್ಲಗೆ ತಿದ್ದಿ ಹೇಳುತ್ತಿದ್ದೆ. ಅವಳು 'ಯೆಸ್ ಮೇಡಂ' ಅನ್ನುತ್ತಿದ್ದಳು. ನಾನು ತಿದ್ದಿದೆ ಅಂದುಕೊಂಡಿದ್ದೆ. ಅವಳು, ಮೇಡಂಗೆ ಅರ್ಥ ಆಯ್ತು ಅಂದುಕೊಂಡಿದ್ದಳು. ಇದು ನನ್ನೊಬ್ಬಳದೇ ತಪ್ಪಲ್ಲ ಅಂತ ಆಮೇಲೆ ತಿಳಿಯಿತು. ರಾಯ್ ಲೈಸ್ಟರ್ ಮತ್ತು ಲೀಲಾ ರಾಂಟಾ ಎಂಬ ಸಂಶೋಧಕರು ಕೆನಡಾದಲ್ಲಿ ಫ್ರೆಂಚ್ ಕಲಿಯುವ ಮಕ್ಕಳ ತರಗತಿಗಳನ್ನು ಗಮನಿಸಿ 1997ರಲ್ಲಿ ಬರೆದರು. ಅಲ್ಲಿನ ಶಿಕ್ಷಕರು ತಿದ್ದಿದ್ದರಲ್ಲಿ ಶೇ 55ರಷ್ಟು ಹೀಗೆ ಸರಿಯಾದ ರೂಪವನ್ನು ಸುಮ್ನೆ ತಾವೇ ಹೇಳಿಬಿಡುವುದಾಗಿತ್ತು. ಹಾಗೆ ಹೇಳಿದಾಗ ಮಕ್ಕಳು ಅದಕ್ಕೆ ಏನಾದರೂ ಸ್ಪಂದಿಸಿದ್ದು ಶೇ 31ರಷ್ಟು ಸಲ ಮಾತ್ರ. 'ಏನಂದೆ? ಇನ್ನೊಂದ್ಸಲ ಹೇಳು' ಅಂತ ಮಗುವಿನ ಬಾಯಿಂದಲೇ ಹೊರಡಿಸಿದಾಗ ಫಲ ಜಾಸ್ತಿ ಇತ್ತು. ಓದಿದ ದಿನ ನನಗೆ ಆ 'ಯೆಸ್ ಮೇಡಂ'ಗಳೆಲ್ಲ ನೆನಪಾದವು.

ಕನ್ನಡದಲ್ಲಿ ಕೇಳಿದ ದಿನ

ಎರಡನೇ ತಿಂಗಳ ಶುರುವಿನಲ್ಲಿ ಒಂದು ಸಂಜೆ ನನಗೇ ಬೇಸರವಾಗಿ ಇಂಗ್ಲಿಷ್ ಬಿಟ್ಟೆ. 'ಆವತ್ತು ರಾತ್ರಿ ಏನಾಯ್ತು, ಕನ್ನಡದಲ್ಲೇ ಹೇಳು' ಅಂದೆ.

'ಹತ್ತು ಗಂಟೆಗೆ ಮಾತ್ರೆ ಕೊಟ್ಟೆ ಮೇಡಂ. ಅಜ್ಜ ತಗೊಳ್ಳಲಿಲ್ಲ. ವಾಂತಿ ಬಂದಂಗೆ ಆಗ್ತದೆ, ಬೇಡ ಅಂದ್ರು. ಆಮೇಲೆ ಎರಡು ಸಲ ಕೇಳಿದೆ. ಬೆಳಿಗ್ಗೆವರೆಗೂ ತಗೊಂಡಿಲ್ಲ.'

ತಗೊಳ್ಳಲಿಲ್ಲ. ತಗೊಂಡಿಲ್ಲ. ಸಿಸ್ಟರ್ ಕೇಳಿದ್ದ ಪ್ರಶ್ನೆಗೆ ಪೂರ್ತಿ ಉತ್ತರ ಅಲ್ಲಿತ್ತು. ಆ ಗಳಿಗೆಯಲ್ಲಿ ಆಗದೇ ಹೋದದ್ದು ಒಂದು, ಇಲ್ಲಿಯವರೆಗೂ ಆಗದೇ ಉಳಿದದ್ದು ಒಂದು. ಎರಡನ್ನೂ ಅವಳು ಉಸಿರು ಬದಲಿಸದೆ ಬೇರೆ ಬೇರೆ ಇಟ್ಟಿದ್ದಳು. ಯಾರೂ ಅವಳಿಗೆ ಇದನ್ನು ಪಾಠ ಮಾಡಿರಲಿಲ್ಲ.

ಹಾಳೆ ತೆಗೆದು ಬರೆದೆ:

ಕೊಟ್ಟೆ, ಕೊಡಲಿಲ್ಲ, ಕೊಟ್ಟಿಲ್ಲ
ಬಂದೆ, ಬರಲಿಲ್ಲ, ಬಂದಿಲ್ಲ
ತಿಂದೆ, ತಿನ್ನಲಿಲ್ಲ, ತಿಂದಿಲ್ಲ

'ಏನು ಕಾಣ್ತದೆ?' ಅಂದೆ. ಅವಳು ಸ್ವಲ್ಪ ಹೊತ್ತು ನೋಡಿದಳು. 'ಮಧ್ಯದಲ್ಲಿ ಆ ಟ್ಟ ಹೋಗಿದೆ ಮೇಡಂ. ಕೊಡು ಅಂತ ವಾಪಸ್ ಬಂದಿದೆ. ಮೂರನೇದರಲ್ಲಿ ಟ್ಟ ಹಂಗೇ ಇದೆ.'

'ಕೊಟ್ಟಲಿಲ್ಲ ಅಂತ ಯಾರಾದ್ರೂ ಅಂತಾರಾ?'

ನಕ್ಕಳು. 'ಸಣ್ಣ ಮಕ್ಕಳೂ ಅನ್ನಲ್ಲ.'

'ಡಿಡ್ ನಾಟ್ ಗೇವ್ ಅಂದ್ರೆ ಅದೇ. ಕೊಟ್ಟಲಿಲ್ಲ.'

ಅವಳು ನಗು ನಿಲ್ಲಿಸಿ ಹಾಳೆ ತನ್ನ ಕಡೆ ಎಳೆದುಕೊಂಡಳು. ಪಕ್ಕದಲ್ಲಿ ತಾನೇ ಬರೆದಳು: ಗೇವ್, ಡಿಡ್ ನಾಟ್ ಗಿವ್, ಹ್ಯಾಸ್ ನಾಟ್ ಗಿವನ್. ಕೇಮ್, ಡಿಡ್ ನಾಟ್ ಕಮ್, ಹ್ಯಾಸ್ ನಾಟ್ ಕಮ್. ಏಟ್, ಡಿಡ್ ನಾಟ್ ಈಟ್, ಹ್ಯಾಸ್ ನಾಟ್ ಈಟನ್. ಮೂರು ಸಾಲೂ ಕನ್ನಡದ ಸಾಲುಗಳ ಎದುರು ಸರಿಯಾಗಿ ಕೂತವು. ಒಂದು ತಿಂಗಳು ಬಾಯಿಪಾಠ ಮಾಡಿದ ಪಟ್ಟಿಗೆ ಆ ಸಂಜೆ ಅರ್ಥ ಬಂತು.

ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಇದು ಎಷ್ಟೋ ಶಿಕ್ಷಕರಿಗೆ ಉಪಯೋಗಕ್ಕೆ ಬರಬಹುದು. 'ಕೊಡಲಿಲ್ಲ' ಅಂದರೆ 'ಕೊಡಲು' ಮತ್ತು 'ಇಲ್ಲ' ಸೇರಿದ್ದು. ಭೂತಕಾಲದ ಗುರುತು 'ಕೊಡು' ಅನ್ನುವ ಮಾತಿನ ಮೇಲೆ ಇಲ್ಲ. ಇಂಗ್ಲಿಷಿನ 'ಡಿಡ್ ನಾಟ್ ಗಿವ್'ನಲ್ಲೂ ಕಾಲದ ಭಾರ ಡಿಡ್ ಮೇಲಿದೆ, ಗಿವ್ ಬೋಳಾಗಿದೆ. 'ಕೊಟ್ಟಿಲ್ಲ'ದಲ್ಲಿ 'ಕೊಟ್ಟು' ಉಳಿದಿದೆ. ಇಂಗ್ಲಿಷಿನಲ್ಲೂ ಅಲ್ಲಿ ಮೂರನೇ ರೂಪ ಬರುತ್ತದೆ.

ಇನ್ನೂ ಒಂದು ಇದೆ. ಕನ್ನಡದಲ್ಲಿ ಕೊಟ್ಟೆ, ಕೊಟ್ಟಳು, ಕೊಟ್ಟರು ಅಂತ ಆಳಿಗೆ ತಕ್ಕಂತೆ ಕೊನೆ ಬದಲಾಗುತ್ತದೆ. ಇಲ್ಲ ಅಂದ ಕೂಡಲೇ ಅದೆಲ್ಲ ಹೋಯಿತು. ನಾನು ಕೊಡಲಿಲ್ಲ, ಅವಳು ಕೊಡಲಿಲ್ಲ, ಅವರು ಕೊಡಲಿಲ್ಲ, ಎಲ್ಲ ಒಂದೇ. 'ಅವಳು ಕೊಡುತ್ತಾಳೆ' ಅನ್ನುವುದು 'ಅವಳು ಕೊಡುವುದಿಲ್ಲ' ಆದಾಗ ಆ 'ತ್ತಾಳೆ' ಎಲ್ಲಿ? 'ಶಿ ಗಿವ್ಸ್' ಹೋಗಿ 'ಶಿ ಡಸ್ ನಾಟ್ ಗಿವ್' ಆದಾಗ ಗಿವ್ ತನ್ನ ಎಸ್ ಬಿಟ್ಟಿತು, ಅಲ್ವಾ? ವ್ಯತ್ಯಾಸ ಇಷ್ಟೇ. ಇಂಗ್ಲಿಷಿನಲ್ಲಿ ಆ ಎಸ್ ಜಿಗಿದು ಡಸ್ ಒಳಗೆ ಕೂರುತ್ತದೆ. ಕನ್ನಡದಲ್ಲಿ ಪೂರ್ತಿ ಬಿಟ್ಟುಹೋಗುತ್ತದೆ.

ಭಾಷೆಯ ಹಳೆಯ ದಾರಿ ಇಷ್ಟಪಡುವವರಿಗೆ ಇನ್ನೊಂದು ಮಾತು. ಇಂಗ್ಲಿಷರು ನಾನೂರು ವರ್ಷದ ಹಿಂದೆ 'ಐ ನೋ ನಾಟ್' ಅಂತಲೂ ಧಾರಾಳವಾಗಿ ಅನ್ನುತ್ತಿದ್ದರು. ಆಮೇಲೆ ನಿಧಾನವಾಗಿ ಡೂ, ಡಿಡ್ ಕಡ್ಡಾಯವಾದವು. ಹಳಗನ್ನಡದಲ್ಲೂ 'ಅರಿಯೆನ್', 'ಮಾಡೆನ್' ಅಂದರೆ ಸಾಕಾಗುತ್ತಿತ್ತು, ಕಾಲದ ಗುರುತೇ ಬೇಕಿರಲಿಲ್ಲ. 'ಒಲ್ಲೆ', 'ಅರಿಯೆ' ಇವತ್ತಿಗೂ ಉಳಿದಿವೆ. ಎರಡು ಭಾಷೆಗೂ ಸಂಬಂಧ ಇಲ್ಲ. ಆದರೂ ಎರಡೂ ಇಲ್ಲ ಅನ್ನುವುದಕ್ಕೆ ಒಂದು ಸಹಾಯದ ಮಾತನ್ನು ತಂದುಕೊಂಡವು. ಇದನ್ನು ಹೇಳಿದಾಗ ಅವಳಿಗೆ ತುಂಬಾ ಖುಷಿಯಾಯಿತು. ನನಗೂ ಅಷ್ಟೇ.

ಇದಕ್ಕೆ ಒಂದು ಹೋಲಿಕೆಯನ್ನು ಅವಳೇ ಕೊಟ್ಟಳು. ಜೋಳದ ಚೀಲ ಹೊರುವುದನ್ನು ಚಿಕ್ಕಂದಿನಿಂದ ನೋಡಿದವಳು. 'ಚೀಲ ಡಿಡ್ ಹೊತ್ಕೊಂಡಿದೆ ಮೇಡಂ. ಗಿವ್ ಕೈ ಬೀಸ್ಕೊಂಡು ಹೋಗ್ಲಿ.' ಆಮೇಲೆ ತರಗತಿಯಲ್ಲಿ ತಿದ್ದಲು ಒಂದೇ ಪದ ಸಾಕಾಯಿತು. ಯಾರಾದರೂ 'ಡಿಡ್ ನಾಟ್ ವೆಂಟ್' ಅಂದರೆ ನಾನು 'ಚೀಲ?' ಅನ್ನುತ್ತಿದ್ದೆ. ಅವರೇ ತಿದ್ದಿಕೊಳ್ಳುತ್ತಿದ್ದರು.

ಈ ತಪ್ಪಿಗೆ ಕನ್ನಡವೇ ಕಾರಣ ಅಂತ ನಾನು ಹೇಳುತ್ತಿಲ್ಲ. ಇಂಗ್ಲಿಷ್ ಮನೆಮಾತಾದ ಪುಟ್ಟ ಮಕ್ಕಳೂ ಕೆಲವು ಕಾಲ 'ಡಿಡಂಟ್ ವೆಂಟ್' ಅನ್ನುತ್ತಾರೆ. ಆಮೇಲೆ ಅದು ತಾನಾಗೇ ಹೋಗುತ್ತದೆ. ಪಿಟ್ ಕಾರ್ಡರ್ ಎಂಬ ಭಾಷಾ ವಿದ್ವಾಂಸರು 1967ರಲ್ಲೇ ಒಂದು ಮಾತು ಎತ್ತಿದ್ದರು. ಕಲಿಯುವವನ ತಪ್ಪು ಅವನ ತಲೆಯಲ್ಲಿ ಏನು ನಡೆಯುತ್ತಿದೆ ಅನ್ನುವುದಕ್ಕೆ ಸಾಕ್ಷಿ ಅಂತ. 'ಡಿಡ್ ನಾಟ್ ಗೇವ್' ಅನ್ನುವ ಹುಡುಗಿಗೆ ಗಿವ್‌ನ ಭೂತರೂಪ ಗೊತ್ತಿದೆ, ಡಿಡ್ ಬೇಕು ಅಂತಲೂ ಗೊತ್ತಿದೆ. ಅವಳು ನಿಜವನ್ನೇ ಹೇಳಿದ್ದಳು, ಗ್ರಾಮರ್ ಗೊತ್ತು ಅಂತ.

ವಾರ್ಡು ಕೋಣೆಗೆ ಬಂತು

ಅರ್ಥವಾಗುವುದು ಬೇರೆ, ಬೆಳಿಗ್ಗೆ ಎಂಟು ಗಂಟೆಗೆ ನಿದ್ದೆಗಣ್ಣಿನಲ್ಲಿ ಬಾಯಿಗೆ ಬರುವುದು ಬೇರೆ. ಅದಕ್ಕೆ ವಾರ್ಡನ್ನೇ ಕೋಣೆಗೆ ತಂದೆವು. ಅವಳ ಜೊತೆ ಇನ್ನೂ ಮೂವರು ನರ್ಸಿಂಗ್ ವಿದ್ಯಾರ್ಥಿನಿಯರು ಸೇರಿದರು. ಒಬ್ಬಳು ರೋಗಿ. ಅವಳು ಕನ್ನಡದಲ್ಲೇ ಮಾತಾಡಬೇಕು. ಒಬ್ಬಳು ರಾತ್ರಿ ನರ್ಸ್. ಒಬ್ಬಳು ಬೆಳಗಿನ ಪಾಳಿಯವಳು, ಅವಳ ಕೈಯಲ್ಲಿ ಖಾಲಿ ಚಾರ್ಟ್. ಇನ್ನೊಬ್ಬಳು ಕೊನೆಯಲ್ಲಿ ರೋಗಿ ಹೇಳಿದ್ದಕ್ಕೂ ಚಾರ್ಟಿಗೂ ತಾಳೆ ನೋಡಬೇಕು. ತಾಳೆಯಾದರೆ ಗೆದ್ದಂತೆ.

ಇದರ ಮೂಲ ನನ್ನದಲ್ಲ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಜಗತ್ತು ಇವತ್ತಿಗೂ ಅದನ್ನು ಬೆಂಗಳೂರು ಪ್ರಾಜೆಕ್ಟ್ ಅಂತಲೇ ಕರೆಯುತ್ತದೆ. ಅಲ್ಲಿ ವ್ಯಾಕರಣದ ಪಾಠ ಇರಲಿಲ್ಲ. ರೈಲ್ವೆ ವೇಳಾಪಟ್ಟಿ, ನಕ್ಷೆ ಇಂಥವನ್ನು ಕೊಟ್ಟು, ಯೋಚಿಸಿ ಬಿಡಿಸುವ ಕೆಲಸ ಹೇಳುತ್ತಿದ್ದರು. ಮನಸ್ಸು ಅರ್ಥದ ಮೇಲಿದ್ದಾಗ ವ್ಯಾಕರಣ ಒಳಗೊಳಗೇ ಕೂರುತ್ತದೆ ಅನ್ನುವುದು ಅವರ ನಂಬಿಕೆ. ನಮ್ಮ ನೆಲದಲ್ಲೇ ಹುಟ್ಟಿದ ಈ ವಿಚಾರ ನಮ್ಮ ಸಂಜೆ ತರಗತಿಗಳಿಗೆ ಇನ್ನೂ ಬಂದಿಲ್ಲವಲ್ಲ ಅಂತ ನನಗೆ ನೋವಿದೆ. ಆದರೆ ನಾನು ಪ್ರಭು ಅವರ ದಾರಿಯಲ್ಲಿ ಪೂರ್ತಿ ಹೋಗುವುದಿಲ್ಲ. ಇಪ್ಪತ್ತು ವರ್ಷದ ಹುಡುಗಿಗೆ ಕಾರಣ ಬೇಕು. 'ಕೊಟ್ಟಲಿಲ್ಲ' ತೋರಿಸದೆ ಬರೀ ಆಟ ಆಡಿಸಿದ್ದರೆ ಇವಳಿಗೆ ಇಷ್ಟು ಬೇಗ ದಾರಿ ಸಿಗುತ್ತಿರಲಿಲ್ಲ ಅಂತ ನನ್ನ ಅಂದಾಜು.

ರೋಗಿಯ ಪಾತ್ರ ಮಾಡುವವರು ತುಂಬಾ ಚೆನ್ನಾಗಿ ಮಾಡುತ್ತಿದ್ದರು. ದಾವಣಗೆರೆಯ ಆಸ್ಪತ್ರೆಗಳಿಗೆ ಹರಪನಹಳ್ಳಿ, ರಾಣೆಬೆನ್ನೂರು, ಹೊಳಲ್ಕೆರೆ, ಚನ್ನಗಿರಿ ಎಲ್ಲ ಕಡೆಯಿಂದ ಜನ ಬರುತ್ತಾರೆ. ಒಬ್ಬಳು ಹರಪನಹಳ್ಳಿ ಕಡೆಯ ಅಜ್ಜಿಯಾಗಿ, 'ನಿನ್ನೆ ರಾತ್ರಿ ಉಣಲಿಲ್ಲ, ಇವತ್ತೂ ಉಂಡಿಲ್ರಿ' ಅಂದಳು. ನಮ್ಮ ಹುಡುಗಿ ಬರೆದಳು: 'ಶಿ ಡಿಡ್ ನಾಟ್ ಈಟ್ ಲಾಸ್ಟ್ ನೈಟ್. ಶಿ ಹ್ಯಾಸ್ ನಾಟ್ ಈಟನ್ ಟುಡೇ ಆಲ್ಸೋ.' ಕೊನೆಯ ಆಲ್ಸೋ ಅಲ್ಲಿ ಬರಬಾರದು. ಬಿಟ್ಟೆ. ಅಜ್ಜಿಯ ಹೊಟ್ಟೆಯ ಸ್ಥಿತಿ ಬೆಳಗಿನ ಪಾಳಿಗೆ ಸರಿಯಾಗಿ ಮುಟ್ಟಿತ್ತು.

ಎಲ್ಲವೂ ನೇರವಾಗಿ ಮೇಲೆ ಹೋಗಲಿಲ್ಲ. ಮೂರನೇ ತಿಂಗಳಲ್ಲಿ ಹೊಸ ತಪ್ಪು ಶುರುವಾಯಿತು. 'ಐ ಡಿಡ್ ಗಿವ್ ಇಂಜೆಕ್ಷನ್. ಡಾಕ್ಟರ್ ಡಿಡ್ ಕಮ್.' ಇಲ್ಲ ಅನ್ನುವಲ್ಲಿ, ಪ್ರಶ್ನೆ ಕೇಳುವಲ್ಲಿ ಬರಬೇಕಾದ ಡಿಡ್ ಎಲ್ಲ ಕಡೆ ಹಬ್ಬಿತು. ಹಿಂದೆ ಸರಿಯಾಗಿ ಹೇಳುತ್ತಿದ್ದ ಗೇವ್, ಕೇಮ್ ಮಾಯವಾದವು. ಅವಳಿಗೆ ಭಯವಾಯಿತು. ನಾನು ಭಯಪಡಲಿಲ್ಲ. ಹೊಸ ನಿಯಮ ಕೈಗೆ ಸಿಕ್ಕಾಗ ಕಲಿಯುವವರು ಅದನ್ನು ಬೇಕಾದ್ದಕ್ಕೂ ಬೇಡದ್ದಕ್ಕೂ ಹಚ್ಚುತ್ತಾರೆ. ಕಲಿಯುವವರ ಇಂಥ ನಡುವಿನ ಭಾಷೆಗೆ ಲ್ಯಾರಿ ಸೆಲಿಂಕರ್ ಎಂಬ ಭಾಷಾ ವಿದ್ವಾಂಸರು 1972ರಲ್ಲಿ ಒಂದು ಹೆಸರೇ ಕೊಟ್ಟರು, ಇಂಟರ್‌ಲ್ಯಾಂಗ್ವೇಜ್ ಅಂತ. ಅದು ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ, ಆದರೆ ಅದಕ್ಕೂ ತನ್ನದೇ ಕಟ್ಟುಪಾಡು ಇದೆ. ಮತ್ತೆ ಕನ್ನಡದ ಹಾಳೆ ತೆಗೆದೆವು. 'ಕೊಟ್ಟೆ' ಅನ್ನುವಲ್ಲಿ ಸಹಾಯಕ್ಕೆ ಯಾರೂ ಇಲ್ಲ, ಚೀಲ ತಾನೇ ಹೊರಬೇಕು. ಎರಡು ವಾರದಲ್ಲಿ ಗೇವ್ ವಾಪಸ್ ಬಂತು.

ನಿಜವಾಗಿ ಕಷ್ಟವಾಗಿದ್ದು ಪ್ರಶ್ನೆ. 'ಡಿಡ್ ಡಾಕ್ಟರ್ ಕೇಮ್?', 'ಡಿಡ್ ಯು ಸೆಂಟ್ ದ ಸ್ಯಾಂಪಲ್?' ಇಲ್ಲಿ ಕನ್ನಡ ಕೈ ಹಿಡಿಯುವುದಿಲ್ಲ. ನಾವು 'ಬಂದರು' ಅನ್ನುವುದರ ಬಾಲಕ್ಕೆ ಒಂದು 'ಆ' ಅಂಟಿಸುತ್ತೇವೆ, 'ಬಂದರಾ?' ಭೂತಕಾಲ ಅಲ್ಲೇ, ಅದೇ ಮಾತಿನ ಒಳಗೇ ಉಳಿಯುತ್ತದೆ. ಪ್ರಶ್ನೆಗೆ ಅಂತ ಕ್ರಿಯಾಪದ ಬೋಳಾಗುವುದಿಲ್ಲ. ಹಾಗಾಗಿ ತೋರಿಸಲು ನನ್ನ ಹತ್ತಿರ 'ಕೊಟ್ಟಲಿಲ್ಲ'ದಂಥ ಮಾತು ಇರಲಿಲ್ಲ. ಹುಡುಕಿದೆ, ಸಿಗಲಿಲ್ಲ.

ಜೊತೆಗೆ ಇನ್ನೊಂದು ಅಡ್ಡಿ. ನರ್ಸುಗಳು ರೋಗಿಯನ್ನು ಕೇಳುವುದೆಲ್ಲ ಕನ್ನಡದಲ್ಲಿ. 'ಊಟ ಆಯ್ತಾ? ಮಾತ್ರೆ ತಗೊಂಡ್ರಾ? ಮೂತ್ರ ಹೋಯ್ತಾ?' ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವ ಸಂದರ್ಭವೇ ಕಡಿಮೆ. ಬಳಸದ ಮಾತು ಹೇಗೆ ಪಳಗುತ್ತದೆ? ಕೊನೆಗೆ ಫೋನಿನ ಆಟ ಮಾಡಿದೆವು. ಬೆನ್ನಿಗೆ ಬೆನ್ನು ಹಾಕಿ ಇಬ್ಬರು ಕೂರಬೇಕು. ಒಬ್ಬಳು ವಾರ್ಡಿನವಳು, ಒಬ್ಬಳು ಲ್ಯಾಬಿನವಳು. ವಾರ್ಡಿನವಳು ಐದು ವಿಷಯ ಕೇಳಿ ತಿಳಿಯಬೇಕು. ಉತ್ತರ 'ಐ ಡಿಡ್' ಅಥವಾ 'ಐ ಡಿಡ್ ನಾಟ್' ಅಂತ ಮಾತ್ರ. ಆ ಉತ್ತರ ಕೇಳಿ ಕೇಳಿ, ಚೀಲ ಡಿಡ್ ಮೇಲೇ ಇದೆ ಅನ್ನುವುದು ಪ್ರಶ್ನೆಗೂ ನಿಧಾನವಾಗಿ ಹತ್ತಿತು. ನಿಧಾನ ಅಂದರೆ ಎರಡು ತಿಂಗಳು. ಬರೆಯುವಾಗ ಈಗ ಸರಿ ಬರುತ್ತದೆ. ಅವಸರದಲ್ಲಿ ಮಾತಾಡುವಾಗ ಇನ್ನೂ ಜಾರುತ್ತದೆ. 'ಕೇಮ್' ಅಂದ ಕೂಡಲೇ ಅವಳೇ ನಾಲಿಗೆ ಕಚ್ಚಿಕೊಂಡು 'ಕಮ್' ಅನ್ನುತ್ತಾಳೆ. ಐದು ತಿಂಗಳ ಹಿಂದೆ ಆ ನಾಲಿಗೆ ಕಚ್ಚುವುದೂ ಇರಲಿಲ್ಲ.

ಈ ಐದು ತಿಂಗಳಲ್ಲಿ ನಾನು ಹೇಳಿಕೊಡದೆ ಬಿಟ್ಟದ್ದು ಬಹಳ. 'ದ', 'ಎ' ಎಲ್ಲಿ ಬರಬೇಕು ಅನ್ನುವುದನ್ನು ಮುಟ್ಟಿಲ್ಲ. 'ಫ್ರಮ್ ಟೂ ಡೇಸ್ ಫೀವರ್ ಈಸ್ ದೇರ್' ಅಂತ ಈಗಲೂ ಬರೆಯುತ್ತಾಳೆ. 'ಎರಡು ದಿನದಿಂದ ಜ್ವರ ಇದೆ' ಅನ್ನುವ ಕನ್ನಡ ಅದರಲ್ಲಿ ಹಾಗೇ ಕಾಣುತ್ತದೆ. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋಗಿದ್ದರೆ ಅವಳು ರಿಪೋರ್ಟ್ ಕೊಡುವಾಗ ಬಾಯಿ ಬಿಡುವುದನ್ನೇ ನಿಲ್ಲಿಸುತ್ತಿದ್ದಳು. ಮೊದಲ ತಿಂಗಳು ಹಾಗೆ ಆಗುತ್ತಲೂ ಇತ್ತು.

ಹೋದ ವಾರ ಬಂದಾಗ, ಇನ್‌ಚಾರ್ಜ್ ಸಿಸ್ಟರ್ ಈಗ ತನ್ನ ರಿಪೋರ್ಟ್ ಮಧ್ಯೆ ನಿಲ್ಲಿಸುವುದಿಲ್ಲ ಅಂದಳು. ಹೊಗಳಿದರಾ ಅಂತ ಕೇಳಿದೆ. 'ಇಲ್ಲ ಮೇಡಂ, ಸುಮ್ನೆ ಕೇಳಿ ಬರ್ಕೊತಾರೆ' ಅಂದಳು. ಮುಖದಲ್ಲಿ ಸಮಾಧಾನ ಇತ್ತು.

ಆಮೇಲೆ ನೋಟ್‌ಬುಕ್ ತೆಗೆದು ಹೊಸ ವಾಕ್ಯ ತೋರಿಸಿದಳು. ಆರು ಗಂಟೆಗೆ ಕೊಡಬೇಕಾಗಿದ್ದ ಒಂದು ಡೋಸ್ ತಡವಾಗಿತ್ತಂತೆ. ಅದನ್ನು ಬರೆಯಬೇಕಾಗಿತ್ತು. ಕನ್ನಡದಲ್ಲಿ ಮೊದಲು ಬರೆದುಕೊಂಡಿದ್ದಳು, 'ಆರಕ್ಕೇ ಕೊಡಬೇಕಾಗಿತ್ತು.' ಕೊಡು ಬೋಳಾಗಿದೆ, ಚೀಲ 'ಆಗಿತ್ತು' ಮೇಲಿದೆ. ಹಾಗಾದರೆ ಇಂಗ್ಲಿಷಿನಲ್ಲೂ ಹಾಗೇ ಅಂತ ಲೆಕ್ಕ ಹಾಕಿ ಕೆಳಗೆ ಬರೆದಿದ್ದಳು: 'ಷುಡ್ ಹ್ಯಾವ್ ಗಿವ್ ಅಟ್ ಸಿಕ್ಸ್.'

ಲೆಕ್ಕ ಸರಿಯಾಗಿತ್ತು, ಉತ್ತರ ತಪ್ಪಾಗಿತ್ತು. ಷುಡ್ ಆದಮೇಲೆ ಹ್ಯಾವ್ ಬೋಳಾಗಿಯೇ ಇದೆ. ಆದರೆ ಹ್ಯಾವ್ ಎದುರು ಬಂದಾಗ ಗಿವ್ ಮೂರನೇ ರೂಪಕ್ಕೆ ಹೋಗಬೇಕು, ನಮ್ಮ 'ಕೊಟ್ಟಿಲ್ಲ'ದ ಸಾಲಿನಲ್ಲಿ ಆದ ಹಾಗೆ. ನಾನು ಏನೂ ಹೇಳಲಿಲ್ಲ. ಹಳೆಯ ಹಾಳೆಯನ್ನು ಅವಳ ಮುಂದೆ ಇಟ್ಟು, ಮೂರನೇ ಸಾಲಿನ ಮೇಲೆ ಬೆರಳಿಟ್ಟು, 'ಇಲ್ಲಿ ಹ್ಯಾಸ್ ಪಕ್ಕ ಯಾರಿದ್ದಾರೆ ನೋಡು' ಅಂದೆ. ಅವಳು ಪೆನ್ನು ತೆಗೆದುಕೊಂಡಳು.